ನಾಲ್ಕುನೂರ ಹನ್ನೊಂದು ತಪ್ಪು, ಒಂದು ಸರಿ

ನಾನು ಒಂದು ಸರ್ವರ್. ಕಾರ್ಖಾನೆಯಲ್ಲಿ ಹುಟ್ಟಿ, ಥರ್ಮೋಕೋಲಿನಲ್ಲಿ ಸುತ್ತಿಸಿಕೊಂಡು ಗದಗ ಕಡೆಯ ಒಂದು ಆಸ್ಪತ್ರೆಗೆ ಬಂದೆ. ಸಿಬ್ಬಂದಿಯ ಹೆಸರು, ಪಾಸ್‌ವರ್ಡ್ ನೋಡಿ ಒಳಗೆ ಬಿಡುವುದು ನನ್ನ ಕೆಲಸ. ಒಂದೇ ಹೆಸರಿಗೆ ಐದು ಸಲ ತಪ್ಪಿದರೆ ಲಾಕ್ ಮಾಡುತ್ತೇನೆ. ಒಂದು ಸಲ ತಪ್ಪಿದರೆ ಬರೆದಿಟ್ಟು ಸುಮ್ಮನಿರುತ್ತೇನೆ. ಅಷ್ಟೇ ಕಲಿಸಿದ್ದರು.

ಕಲಿಸಿದವನು ಆಪರೇಟರ್ ಈರಣ್ಣ. ಮೊದಲಿಗೆ ಎಲ್ಲರಿಗೂ ಆಸ್ಪತ್ರೆಯ ಹೆಸರನ್ನೇ ಪಾಸ್‌ವರ್ಡ್ ಮಾಡಿ ಕೊಟ್ಟ. ಆಮೇಲೆ ವಾರ್ಡು ವಾರ್ಡು ತಿರುಗಿ, “ಬದಲ ಮಾಡ್ಕೋರಿ” ಎಂದು ಡಾಕ್ಟರನ್ನೂ ಬಿಡದೆ ಬೈದ. ಬೈಗುಳ ತಾಳದೆ ಎಲ್ಲರೂ ಬದಲಿಸಿದರು.

ಈರಣ್ಣ ಜ್ವರದಲ್ಲಿ ಸತ್ತ. ಅನುಕಂಪದ ನೌಕರಿ ಸಿಕ್ಕು ಹೆಂಡತಿ ಕಾಶಿಬಾಯಿ ಅದೇ ಕುರ್ಚಿಗೆ ಬಂದಳು. ನಾನು ಬರೆದಿಟ್ಟದ್ದನ್ನು ಓದಿದವಳು ಅವಳೊಬ್ಬಳೇ.

ಒಂದು ಬೆಳಿಗ್ಗೆ ಓದುತ್ತ ನಿಂತುಬಿಟ್ಟಳು. ಹೊರಗಿನ ಒಂದೇ ವಿಳಾಸದಿಂದ, ಒಂದು ತಾಸಿನಲ್ಲಿ, ಹೆಸರಿಗೊಂದರಂತೆ ತಪ್ಪು ಲಾಗಿನ್‌ಗಳು. ಸೂಪರಿಂಟೆಂಡೆಂಟರ ಬಳಿಗೆ ಓಡಿದಳು.

“ಯಾರ ಖಾತೇನೂ ಲಾಕ್ ಆಗಿಲ್ಲಲ್ಲ ಬಾಯಾರ. ಬೆರಳ ತಪ್ಪಿರ್ತಾವ, ಬಿಡ್ರಿ.”

“ನಾಕನೂರ ಮಂದಿ ಬೆರಳು ಒಂದ ತಾಸಿನ್ಯಾಗ ತಪ್ಪತಾವೇನ್ರಿ? ಹೆರಿಗಿ ರಜಾದಾಗಿರೋ ಸಿಸ್ಟರ್ ಹೆಸರೂ ಐತಿ. ಹಡ್ಯಾಕ ಹೋದಾಕಿಗೆ ಬ್ಯಾರೆ ಕೆಲಸಿಲ್ಲೇನ್ರಿ?”

ಅವರು ಪೆನ್ನು ಕೆಳಗಿಟ್ಟರು. “ಹಂಗಾರ ಯಾರದರೆ ಹೆಸರ್ಲೆ ಒಳಗ ಹೊಕ್ಕಾರೇನು, ನೋಡ್ರಿ.”

ಆಸ್ಪತ್ರೆಯ ಹೆಸರನ್ನೇ ಪಾಸ್‌ವರ್ಡ್ ಮಾಡಿ ಕಳ್ಳ ನಾಲ್ಕುನೂರ ಹನ್ನೆರಡು ಹೆಸರಿಗೆ ಹಚ್ಚಿ ನೋಡಿದ್ದ. ನಾಲ್ಕುನೂರ ಹನ್ನೊಂದು ತಪ್ಪು. ಒಂದು ಸರಿ: ಈರಣ್ಣ.

ಊರಿಗೆಲ್ಲ ಬೈದವನು ತನ್ನದನ್ನು ಬದಲಿಸಿರಲಿಲ್ಲ. ಅವನು ಸತ್ತ ಮೇಲೆ ಖಾತೆ ಅಳಿಸಬೇಕಿತ್ತು. ಅವನ ಕುರ್ಚಿಗೆ ಬಂದವಳು ಅಳಿಸಿರಲಿಲ್ಲ. ಆ ಖಾತೆಯ ಪುಟದಲ್ಲಿ ಅವನ ಫೋಟೋ ಇತ್ತು, ಕೆಳಗೆ ‘ಸೇವೆಯಲ್ಲಿದ್ದಾರೆ’ ಎಂದಿತ್ತು. ಇನ್ನೆಲ್ಲಿಯೂ ಯಾರೂ ಅವನ ಬಗ್ಗೆ ಹಾಗೆ ಬರೆಯುತ್ತಿರಲಿಲ್ಲ. ಇತ್ತ ಆ ಹೆಸರಿನ ಹಿಂದೆ ಕಳ್ಳ ಕುಳಿತಿದ್ದ. ಮುಂದೆ ರೋಗಿಗಳು ಮನೆಯವರಿಗೂ ಹೇಳದ ಕಾಯಿಲೆಗಳ ಕಡತಗಳಿದ್ದವು.

“ಎಲ್ಲಾರಿಗೂ ಹೇಳಿದ್ರಿ,” ಎಂದಳು ಫೋಟೋಗೆ. “ನೀವೊಬ್ರು ಮಾಡಲಿಲ್ಲ.”

ಅಳಿಸಲೇ ಎಂದು ಕೇಳಿದೆ. ಕೇಳುವುದು ನನ್ನ ನಿಯಮ. ಹೌದು ಎಂದು ಒತ್ತಿದಳು. ಕಳ್ಳ ಹೊರಬಿದ್ದ, ಕಡತಗಳು ಉಳಿದವು. ಒಬ್ಬರೂ ಅವಳಿಗೆ ಒಂದು ಒಳ್ಳೆಯ ಮಾತು ಹೇಳಲಿಲ್ಲ. ಮತ್ತೆ ಪಾಸ್‌ವರ್ಡ್ ಬದಲಿಸಬೇಕಲ್ಲ ಎಂದು ಗೊಣಗಿದರು. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಈಗ ನಾನು ಹಳತಾಗಿ, ಗುಜರಿ ಕೋಣೆಯಲ್ಲಿ ಮುರಿದ ಸ್ಟ್ರೆಚರುಗಳ ಅಡಿಯಲ್ಲಿ ಬಿದ್ದಿದ್ದೇನೆ. ಲಕ್ಷಗಟ್ಟಲೆ ಸಲ ಇಲ್ಲ ಎಂದಿದ್ದೇನೆ, ಯಾವುದಕ್ಕೂ ಮರುಗಿಲ್ಲ, ಒಂದನ್ನು ಬಿಟ್ಟು. ಅಳಿಸಿದ ಮರುದಿನ ಅವಳು ಎಲ್ಲರಿಗಿಂತ ಮೊದಲೇ ಬಂದು, ಹುಡುಕುವ ಜಾಗದಲ್ಲಿ ಗಂಡನ ಹೆಸರನ್ನು ನಿಧಾನವಾಗಿ ಟೈಪು ಮಾಡಿದಳು. ಈ ಹೆಸರಿನವರು ಇಲ್ಲಿಲ್ಲ ಎಂದು ನಾನೇ ಹೇಳಬೇಕಾಯಿತು.