ಹವಳದ ಅಣಬೆಯ ಹೆಸರು

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಸುರಪುರದ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದ ನೀಲಕಂಠ ಹೈದರಾಬಾದಿನಲ್ಲಿ ಉರ್ದುವಿನಲ್ಲೇ ಸಸ್ಯಶಾಸ್ತ್ರ ಕಲಿತವನು. ಗಿಡವಾಗಲಿ ಹುಲ್ಲಾಗಲಿ, ಕಂಡರೆ ಅದರ ಕುಲ ಹೇಳದೆ ಇರಲಾಗುತ್ತಿರಲಿಲ್ಲ.

ಶ್ರಾವಣದಲ್ಲಿ ಶಹಾಪುರದ ಮನೆಗೆ ಬಂದವನು ಬೆಟ್ಟದ ಮಗ್ಗುಲಲ್ಲಿ, ಕೊಳೆತ ಎಲೆಗಳ ನಡುವೆ ಒಂದು ಅಣಬೆ ಕಂಡ. ಅದಕ್ಕೆ ಕೊಡೆಯಿರಲಿಲ್ಲ. ಹವಳದಂತೆ ಕವಲು ಕವಲಾಗಿ ತಿಳಿಗೆಂಪಗೆ ಎದ್ದಿತ್ತು. ಪುಸ್ತಕ ತೆರೆದು ನೋಡಿದ. ಚಿತ್ರ ಹೋಲುತ್ತಿತ್ತು, ತಿನ್ನಬಹುದೆಂದೂ ಇತ್ತು. ಅಣಬೆಯಿಂದ ಪುಡಿಯಾಗಿ ಉದುರುವ ಬೀಜಕಣದ ಬಣ್ಣ ನೋಡಿಯೇ ಜಾತಿ ತೀರ್ಮಾನಿಸಬೇಕೆಂಬ ಸಾಲನ್ನೂ ಓದಿದ. ಆದರೆ ನೋಡುವ ತಾಳ್ಮೆ ಇರಲಿಲ್ಲ, ಕಿತ್ತು ಮನೆಗೆ ತಂದ.

ತಂಗಿ ದೇವಕ್ಕ ದೋರನಹಳ್ಳಿಯಿಂದ ತವರಿಗೆ ಬಂದಿದ್ದಳು. ಬಸುರಿ.

“ಅಣ್ಣಾ, ಇದನ್ನ ತಿಂತಾರೇನು? ನೋಡಿದ್ರ ಬಾಯಾಗ ನೀರ ಬರಾಕತ್ತದ.”

“ತಿಂತಾರ. ಇದರ ಕುಲ ನನಗ ಗೊತ್ತದ.”

ತಾಯಿ ಭಾಗಮ್ಮ ತಡೆದಳು. “ಬಸುರಿ ಹೆಣ್ಮಗಳು, ಗುರ್ತಿಲ್ಲದ್ದು ಬ್ಯಾಡಪ್ಪಾ.”

“ಓದಿ ಬಂದೀನಿ ಬೇ” ಎಂದು ನೀಲಕಂಠ ನಕ್ಕ.

ಸಂಜೆಯೊಳಗೆ ದೇವಕ್ಕನಿಗೆ ವಾಂತಿ ಭೇದಿ ಹತ್ತಿದವು. ಎರಡು ತುತ್ತು ತಿಂದಿದ್ದ ನೀಲಕಂಠನೂ ನರಳಿದ, ಆದರೆ ಬೇಗ ಎದ್ದ. ಹಕೀಮರ ಔಷಧಿಯಿಂದ ದೇವಕ್ಕನ ಜೀವ ಉಳಿಯಿತು. ಹೊಟ್ಟೆಯಲ್ಲಿದ್ದ ಕೂಸು ಉಳಿಯಲಿಲ್ಲ.

ಆಮೇಲೆ ಅವನು ಮತ್ತೆ ಬೆಟ್ಟಕ್ಕೆ ಹೋಗಿ ಅದೇ ಅಣಬೆ ತಂದು ಬಿಳಿ ಕಾಗದದ ಮೇಲೆ ಇಟ್ಟ. ಬೆಳಗಾಗುವಷ್ಟರಲ್ಲಿ ಕಂದುಹಳದಿ ಪುಡಿ ಉದುರಿತ್ತು. ಪುಸ್ತಕದ ಅಣಬೆಯ ಬೀಜಕಣ ಅಚ್ಚ ಬಿಳಿ. ಒಣಗಿಸಿ ಹೈದರಾಬಾದಿಗೆ ಒಯ್ದ. ಅವನ ಗುರುಗಳು ಸೂಕ್ಷ್ಮದರ್ಶಕದಲ್ಲಿ ನೋಡಿ ಹಿಗ್ಗಿದರು. ಇದರ ಕುಲವೇ ಬೇರೆ, ಈ ಜಾತಿಯನ್ನು ಇನ್ನೂ ಯಾರೂ ಗುರುತಿಸಿದಂತಿಲ್ಲ, ಹೆಸರು ನೀನೇ ಇಡು ಎಂದರು. ನೀಲಕಂಠ ತಲೆ ತಗ್ಗಿಸಿಕೊಂಡೇ ಹೊರಬಂದ.

ಮರುವರ್ಷ ಪಂಚಮಿಗೆ ದೇವಕ್ಕ ಬಂದಾಗ ಎಲ್ಲ ಹೇಳಿದ. ಅವಳು ಒಮ್ಮೆಯೂ ಅವನನ್ನು ದೂರಿರಲಿಲ್ಲ. ಈಗಲೂ ಮೆಲ್ಲಗೆ ಕೇಳಿದಳು, “ಏನಂತ ಹೆಸರಿಟ್ಟಿ?”

“ಇಟ್ಟಿಲ್ಲವ್ವಾ. ಮನಸ್ಸು ಬರವಲ್ದು.”

“ಇಡು ಅಣ್ಣಾ. ಗುರ್ತಾದ್ರ ಮತ್ಯಾರೂ ತಿನ್ನಂಗಿಲ್ಲ. ಕೂಸಿಗಂತೂ ಹೆಸರಿಡೂದು ಆಗ್ಲಿಲ್ಲ. ಎರಡರಾಗ ಒಂದಕ್ಕರ ಹೆಸರಿರ್ಲಿ.”

ನೀಲಕಂಠ ಎಷ್ಟೋ ಸಲ ಬರೆಯಲು ಕುಳಿತ. ನಿಜಾಮರ ಆಡಳಿತ ಮುಗಿಯಿತು, ಗುರುಗಳು ತೀರಿಕೊಂಡರು. ತಂಗಿ ಕೇಳಿದ್ದು ಅದೊಂದೇ. ಅದನ್ನು ನಡೆಸಿಕೊಡಲು ಅವನಿಂದ ಆಗಲೇ ಇಲ್ಲ.