ಸದ್ದು ಮಾಡಿದ ತೋಟೆ

ಒರೆಸುವ ಬಟ್ಟೆ ಸುತ್ತಿದ ಸಲಾಕೆ ಕೋವಿ ನಳಿಗೆಯ ಹಿಂಬಾಯಿಯಿಂದ ನಾಲ್ಕು ಬೆರಳಿನಷ್ಟು ಬಿಗಿಯಾಗಿ ಒಳಹೋಗಿ, ಗಕ್ಕನೆ ಸಡಿಲವಾಯಿತು. ಡೊರೀನ್ ಹಿಂದಕ್ಕೆಳೆದು ಮತ್ತೆ ತಳ್ಳಿದಳು. ಅದೇ ಜಾಗದಲ್ಲಿ ಮತ್ತೆ ಸಡಿಲ. ಹೊರಗಿನಿಂದ ಬೆರಳಾಡಿಸಿದಾಗ ಉಂಗುರ ತೊಡಿಸಿದ ಹಾಗೆ ಒಂದು ಉಬ್ಬು ಕೈಗೆ ಹತ್ತಿತು.

ನೂರಾ ಅರವತ್ತು ವರ್ಷ ಕಾರ್ಬೈನ್ ಎಂಬ ಈ ಗಿಡ್ಡ ಕೋವಿಗೆ ಏನೂ ಆಗಿರಲಿಲ್ಲ. ಅವಳ ಮುತ್ತಜ್ಜನ ಅಪ್ಪ ಅದನ್ನು ಕುದುರೆಯ ಮೇಲೆ ಯುದ್ಧಕ್ಕೆ ಹೊತ್ತುಕೊಂಡು ಹೋಗಿ, ಒಂದು ಗೀರೂ ಬೀಳದಂತೆ ಮನೆಗೆ ತಂದಿದ್ದ. ಡೊರೀನಳ ಅಪ್ಪ ಸಾಯುವಾಗ ಅದನ್ನು ಮಗನಿಗೆ ಕೊಡಲಿಲ್ಲ. "ನಿನ್ನ ತಮ್ಮ ಎಣ್ಣೆ ಹಾಕೋದನ್ನೂ ಮರೀತಾನೆ, ನೀನೇ ಇಟ್ಕೋ" ಎಂದಿದ್ದ.

"ಡೊರೀನ್, ಮುಂದಿನ ಸುತ್ತು ನಮ್ದೇ. ವೆಂಡೆಲ್‌ನನ್ನೂ ಎಬ್ಬಿಸು!" ಹಳೇ ಕೋವಿಗಳ ಪಂದ್ಯದ ಗುರಿಹಲಗೆಗಳ ಕಡೆಯಿಂದ ತಂಡದ ನಾಯಕ ಕ್ಲೆಟಸ್ ಕೂಗಿದ.

ಅವಳು ತನ್ನ ಪೆಟ್ಟಿಗೆಯಿಂದ ಒಂದು ತೋಟೆ ತೆಗೆದು ಕಿವಿಯ ಹತ್ತಿರ ಅಲುಗಾಡಿಸಿದಳು. ಒಳಗೆ ಸರಸರ ಸದ್ದಾಯಿತು. ಸರಿಯಾಗಿ ತುಂಬಿದ ತೋಟೆ ಸದ್ದು ಮಾಡಬಾರದು. ಹಿತ್ತಾಳೆ ಕೊಳವೆಯಲ್ಲಿ ಕರಿಮದ್ದಿನ ಮೇಲೆ ಉಳಿದ ಜಾಗಕ್ಕೆಲ್ಲ ಗೋಧಿ ರವೆ ಸುರಿದು, ಅದರ ಮೇಲೆ ಸೀಸದ ಗುಂಡನ್ನು ಒತ್ತಿ ಕೂರಿಸಬೇಕು. ನಡುವೆ ಗಾಳಿ ಉಳಿದರೆ ನಳಿಗೆ ಉಬ್ಬುತ್ತದೆ. ಈ ಕಣಿವೆಯಲ್ಲಿ ಕೋವಿ ಮುಟ್ಟುವ ಮೊದಲೇ ಕಲಿಯುವ ಪಾಠ ಇದು.

ಚಳಿಗಾಲವಿಡೀ ಸೀಸ ಕರಗಿಸಿ ತನಗೂ ಗಂಡ ವೆಂಡೆಲ್‌ಗೂ ಗುಂಡು ಎರೆದವಳು ಅವಳೇ. ಸುಕ್ಕು ಬಿದ್ದದ್ದನ್ನೆಲ್ಲ ಮತ್ತೆ ಕರಗಿಸಿದ್ದಳು. ಆಮೇಲೆ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್ ಬಿತ್ತು. ತೋಟೆ ತುಂಬುವ ಕೆಲಸ ಗಂಡನ ಪಾಲಿಗೆ ಹೋಯಿತು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವನ ಕೈಕೆಲಸವನ್ನು ಕಿವಿಗೆ ಹಿಡಿದು ನೋಡುವುದೇನು ಎಂದು ಇವತ್ತು ಮೊದಲ ಸುತ್ತಿನಲ್ಲಿ ಹಾಗೆಯೇ ಐದು ಗುಂಡು ಹಾರಿಸಿದ್ದಳು. ಆ ನಂಬಿಕೆಗೆ ಬೆಂಕಿ ಬೀಳಲಿ ಎನ್ನಿಸಿತು.

ವೆಂಡೆಲ್ ತಮ್ಮ ಡೇರೆಯ ಮುಂದೆ ಮಡಚು ಕುರ್ಚಿಯಲ್ಲಿ ಕಾಲು ಚಾಚಿ ಹಂದಿಮಾಂಸ ಇಟ್ಟ ಬನ್ನು ತಿನ್ನುತ್ತಿದ್ದ.

"ಇದಕ್ಕೆ ರವೆ ಹಾಕಿದ್ಯಾ?"

"ಹಾಕ್ದೆ ಇರ್ತೀನಾ?"

"ಹಾಕಿದ್ರೆ ಇದ್ಯಾಕೆ ಗಿಲಕಿ ತರ ಅಲ್ಲಾಡ್ತಿದೆ?"

ಅವನು ಬಾಯಿ ಒರೆಸಿಕೊಂಡ. "ಡಬ್ಬಿ ಖಾಲಿ ಆಗಿತ್ತು ಕಣೇ. ಅಂಗಡಿ ಹನ್ನೆರಡು ಮೈಲಿ. ಒಂದು ದಿನಕ್ಕೆ ಏನಾಗುತ್ತೆ ಬಿಡು ಅಂದ್ಕೊಂಡೆ."

"ಹೇಳೋಕೆ ಬಾಯಿ ಬಿದ್ದೋಗಿತ್ತಾ?"

"ಹೇಳಿದ್ರೆ ಹಿಂಗೇ ರಂಪ ಮಾಡ್ತಿದ್ದೆ. ಉಬ್ಬಿದ್ರೆ ಉಬ್ಬಲಿ, ಹೊಸ ನಳಿಗೆ ಹಾಕ್ಸೋಣ."

"ನಮ್ಮಪ್ಪನ ಫೋಟೋಗೆ ಹೊಸ ಮುಖಾನೂ ಹಾಕ್ಸು!"

ಪಕ್ಕದ ಡೇರೆಯವರು ತಿರುಗಿ ನೋಡಿದರು. ನೋಡಲಿ. ಅವನ ಕುರ್ಚಿಯ ಕೆಳಗಿದ್ದ ಪೆಟ್ಟಿಗೆಯನ್ನು ಎಳೆದು, ಅವನದೊಂದು ತೋಟೆಯನ್ನು ಕಿವಿಗೆ ಹಿಡಿದು ಅಲುಗಾಡಿಸಿದಳು.

ಸದ್ದಿಲ್ಲ. ಇನ್ನೊಂದು ತೆಗೆದಳು. ಅದರಲ್ಲೂ ಇಲ್ಲ. ಮತ್ತೊಂದರಲ್ಲೂ ಇಲ್ಲ.

ವೆಂಡೆಲ್ ಅಗಿಯುವುದನ್ನು ನಿಲ್ಲಿಸಿದ. "ನಂದು ಮೊದ್ಲು ತುಂಬಿದ್ದೆ ಡೊರೀನ್... ರವೆ ಅಷ್ಟಕ್ಕೇ ಆಯ್ತು."

ಬೈಗುಳಗಳೆಲ್ಲ ಈ ಮಾತಿಗೆ ಸಣ್ಣವಾದವು. ಅವಳು ಹುಲ್ಲಿನ ಮೇಲೆ ಕೂತು, ಅವನ ತೋಟೆಯ ಗುಂಡನ್ನು ಹಿಡಿದು ತಿರುಚಿ ಕಿತ್ತಳು. ಬಿಳಿ ರವೆಯೂ ಅದರ ಹಿಂದೆ ಕರಿಮದ್ದೂ ನೆಲಕ್ಕೆ ಸುರಿದವು.

"ಏಯ್, ಏನ್ ಮಾಡ್ತಿದೀಯ? ಈಗ ನಮ್ಮ ಸುತ್ತು!"

"ಮದ್ದು ನಿಂದು, ರವೆ ನಿಂದು. ಬಾಚ್ಕೋ. ಗುಂಡು ಎರೆದವಳು ನಾನು."

ಕ್ಲೆಟಸ್ ವೆಂಡೆಲ್‌ನ ಹೆಸರು ಹಿಡಿದು ಕೂಗಿದ. ವೆಂಡೆಲ್ ತನ್ನ ಕಾರ್ಬೈನ್ ಹಿಡಿದು ಎದ್ದು ನಿಂತ. ಹೋಗಲಿಲ್ಲ, ಕೂರಲೂ ಇಲ್ಲ. ಕ್ಲೆಟಸ್ ಮತ್ತೊಮ್ಮೆ ಕೂಗಿದ. ಡೊರೀನ್ ಗುಂಡುಗಳನ್ನು ಒಂದೊಂದಾಗಿ ಕಿತ್ತು, ಬೆರಳಿನಿಂದ ಒರೆಸಿ, ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಜೇಬು ಸೀಸದ ಭಾರಕ್ಕೆ ಕೆಳಗೆ ಜಗ್ಗಿತ್ತು.