ಕೌದಿಯ ಹೊಟ್ಟೆ

ರತ್ನವ್ವ ತೀರಿಕೊಂಡ ಸುದ್ದಿ ಆಸ್ಪತ್ರೆಯಿಂದ ಬಂದಾಗ ಪಂಚಪ್ಪನವರು ಸಹಕಾರನಗರದ ಮನೆಯ ಗೇಟಿನ ಮುಂದೆ ಹಸಿ ಕಸದ ಬಕೆಟ್ ಹಿಡಿದು ನಿಂತಿದ್ದರು. ಫೋನು ಎತ್ತಿದ ಸೊಸೆ ಶೀತಲ್ ಒಳಗಿಂದ ಕೂಗಿಕೊಂಡಳು. ಕಸದ ಆಟೋದ ಮುನೇಶ್ ಹಾಡು ನಿಲ್ಲಿಸಿದ. ಬಕೆಟ್ಟನ್ನು ತಾನೇ ಇಸಿದುಕೊಂಡು ಬರಿದು ಮಾಡಿ ಮೆಲ್ಲಗೆ ನೆಲಕ್ಕಿಟ್ಟ. ನಲವತ್ತೆಂಟು ವರ್ಷದ ಸಂಸಾರ ಅಲ್ಲಿಗೆ ಮುಗಿಯಿತು.

ಮಣ್ಣು ಮಾಡಿ ಬಂದ ಮರುದಿನ, ಹೋದವರ ಹಾಸಿಗೆ ಹೊದಿಕೆ ಮನೆಯಲ್ಲಿರಬಾರದೆಂದು ಶೀತಲ್ ಮಂಚದ ಮೇಲಿದ್ದುದನ್ನೆಲ್ಲ ಗಂಟು ಕಟ್ಟಿ ಆಟೋಗೆ ಹಾಕಿಬಿಟ್ಟಳು. ಅದರೊಳಗೆ ಹೊಸ ಕೌದಿಯೊಂದೂ ಹೋಯಿತು. ಮೊಮ್ಮಗಳು ಸ್ಮಿತಾಳ ಬಾಣಂತನಕ್ಕೆಂದು ರತ್ನವ್ವ ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಆರು ತಿಂಗಳು ಕೂತು ಹೊಲಿದದ್ದು. ಯಾರೂ ಅದನ್ನು ಇನ್ನೂ ಹೊದ್ದಿರಲಿಲ್ಲ. ಮೂರನೆಯ ದಿನ ಸ್ಮಿತಾ ಕೇಳಿದಾಗಲೇ ಪಂಚಪ್ಪನವರಿಗೆ ತಿಳಿದದ್ದು. ಸೊಸೆಯನ್ನು ಬಯ್ಯಲಿಲ್ಲ. ಚಪ್ಪಲಿ ಮೆಟ್ಟಿ ಕೆಂಪಾಪುರದ ಒಣ ಕಸದ ಕೇಂದ್ರಕ್ಕೆ ಹೊರಟರು.

ತಗಡಿನ ಮಾಡಿನ ಕೆಳಗೆ ಬಾಟಲಿ, ರಟ್ಟು, ಹಾಲಿನ ಕವರುಗಳ ರಾಶಿ ಬೇರೆ ಬೇರೆ ಬಿದ್ದಿತ್ತು. ಬಟ್ಟೆ ಆರಿಸುವ ಕೆಲಸ ಅಂಜನಮ್ಮನದು. ಚಿಂದಿ ಒಯ್ಯುವ ಲಾರಿ ಆಗಲೇ ಬಾಗಿಲಿಗೆ ಬಂದು ನಿಂತಿತ್ತು. ಪುಣ್ಯಕ್ಕೆ ಕೌದಿ ಇನ್ನೂ ಏರಿರಲಿಲ್ಲ. ಆದರೆ ನಡುವಿನ ಚೌಕದ ಹೊಲಿಗೆ ಬಿಚ್ಚಿತ್ತು.

"ಇದರಾಗ ರೊಟ್ಟಿ ಚೂರು ಇತ್ತಲ್ಲವ್ವಾ?" ಎಂದರು ಪಂಚಪ್ಪನವರು.

"ಊಂ ತಾತಾ, ಗಟ್ಟಿಯಾಗಿ ಕೈಗೆ ಸಿಕ್ತು. ಬಟ್ಟೇಲಿ ತಿನ್ನೋದಿದ್ರೆ ಲೋಡೇ ವಾಪಸ್ ಕಳಿಸ್ತಾರೆ. ಅಸಿ ಕಸ ಅಂತ ಕಿತ್ತಾಕ್ದೆ."

ಪಂಚಪ್ಪನವರು ಅಲ್ಲೇ ಕುಕ್ಕರಿಸಿದರು. ಅವರ ಕಡೆ ಕೌದಿಯ ಕೊನೆಯ ತೇಪೆ ಮುಚ್ಚುವ ಮುನ್ನ ಒಳಗೊಂದು ರೊಟ್ಟಿ ಚೂರು ಇಡುತ್ತಾರೆ. ಅದು ಕೌದಿಯ ಹೊಟ್ಟೆ. ಹಸಿದ ಕೌದಿಯನ್ನು ಬಾಣಂತಿಗೆ ಹೊದಿಸುವಂತಿಲ್ಲ. ತುಂಬಬೇಕಾದವಳು ಮಣ್ಣಿನಲ್ಲಿದ್ದಳು. ಇದನ್ನೆಲ್ಲ ಅವರು ಹೇಳಿದರು.

"ಅಯ್ಯೋ ಶಿವನೇ! ನಿಮ್ ಕಡೆ ಬಟ್ಟೆಗೂ ಊಟ ಇಕ್ತಾರಾ? ನಂಗೇನ್ ಗೊತ್ತು ತಾತಾ." ಅಂಜನಮ್ಮ ಗ್ಲೌಸು ಕಳಚಿ ಕೈ ತೊಳೆದು ತನ್ನ ಬುತ್ತಿ ತೆರೆದಳು. "ಮುದ್ದೆ ಐತೆ. ಆಯ್ತದಾ?"

"ಮುದ್ದಿ ಕಂಡರ ಆಕಿ ಮಾರಿ ತಿರುವತಿದ್ದಳು."

"ಅಂಗಾದ್ರೆ ಬ್ಯಾಡ ಬಿಡಿ."

"ಹಾಕವ್ವಾ. ಮೂವತ್ತು ವರ್ಷ ನಿಮ್ಮೂರ ನೀರು ಕುಡದಾಳ. ಒಂದು ತುತ್ತಿಗೆ ಏನೂ ಅನ್ನಂಗಿಲ್ಲ."

ಲಾರಿಯವನು ಹಾರ್ನ್ ಹೊಡೆದ. "ಇರೋ, ಅರ್ಜೆಂಟು ಇವ್ನಿಗೆ!" ಎಂದು ಅಂಜನಮ್ಮ ಅತ್ತ ಗದರಿದಳು. ಕಡಲೆಕಾಳಿನಷ್ಟು ಮುದ್ದೆಯನ್ನು ಚಪ್ಪಟೆ ಮಾಡಿ ಒಳಗಿಟ್ಟು, ಗೋಣಿ ಹೊಲಿಯುವ ದಬ್ಬಣದಿಂದ ಚೌಕ ಮುಚ್ಚಿದಳು. ರತ್ನವ್ವನ ಸಣ್ಣ ಹೊಲಿಗೆಯ ನಡುವೆ ಆ ದಪ್ಪ ದಾರ ಎದ್ದು ಕಾಣುತ್ತಿತ್ತು. ಪಂಚಪ್ಪನವರು ಅದರ ಮೇಲೆ ಒಮ್ಮೆ ಕೈಯಾಡಿಸಿದರು. ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

"ಶಿವನೇ, ದುಡಿದು ದಣದ ಜೀವ ಅದು. ನಿನ್ನ ಪಾದದ ನೆರಳಾಗ ತಣ್ಣಗ ಮಲಗಲಿ."